ದಾಲ್ ಮಿಲ್ಲಿನಲ್ಲಿ ನಾಲ್ಕು ವರ್ಷ ಬಳಸಿದ, ಬೆಂಕಿ ಆರಿಸುವ ಎಬಿಸಿ ಪೌಡರ್ ಸಿಲಿಂಡರ್: ಸಿಲಿಂಡರ್ ಚೆನ್ನಾಗಿದೆ, ಸರ್ವಿಸ್ ಅಲ್ಲ

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಒಂದು ಸಣ್ಣ ದಾಲ್ ಮಿಲ್ಲಿನಲ್ಲಿ ನಾನು ಮ್ಯಾನೇಜರ್. ತೊಗರಿ ಒಡೆಯೋ ಜಾಗ ಹೇಗಿರುತ್ತೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಹೊಟ್ಟು, ಧೂಳು, ಗೋಣಿಚೀಲ, ಸೀಜನ್‌ನಲ್ಲಿ ಹಗಲು ರಾತ್ರಿ ಓಡುವ ಮೋಟಾರು. 2021ರಲ್ಲಿ ಬೆಂಕಿ ಆರಿಸೋಕೆ 6 ಕೆಜಿಯ ಎಬಿಸಿ ಪೌಡರ್ (ಕಟ್ಟಿಗೆ, ಎಣ್ಣೆ, ಗ್ಯಾಸ್ ಮೂರರ ಬೆಂಕಿಗೂ ಆಗುವ ಪುಡಿ) ಸಿಲಿಂಡರ್ ನಾಲ್ಕು, ಕರೆಂಟಿನ ಪ್ಯಾನೆಲ್ ರೂಮಿಗೆ 4.5 ಕೆಜಿಯ ಸಿಒಟು (ಕಾರ್ಬನ್ ಡೈಆಕ್ಸೈಡ್ ಗ್ಯಾಸ್) ಒಂದು ತಂದೆವು. ಮಾರಿದವರದ್ದೇ ಎಎಂಸಿ, ಅಂದರೆ ವರ್ಷದ ಸರ್ವಿಸ್ ಗುತ್ತಿಗೆ.

ಮೊದಲ ವರ್ಷ ಅವು ಗೋಡೆ ಮೇಲೆ ಸುಮ್ನೆ ನೇತಾಡಿದವು. ತಂದ ಮೇಲಿನ ಎರಡನೇ ಜನವರಿಯಲ್ಲಿ, ಕಾಳು ಮೇಲಕ್ಕೆತ್ತುವ ಎಲಿವೇಟರಿನ ಬೇರಿಂಗ್ ಕಾದು ಕೆಂಪಾಯಿತು. ಕೆಳಗೆ ಹೊಟ್ಟಿನ ರಾಶಿ. "ಸರ, ಹೊಟ್ಟಿನಾಗ ಹೊಗಿ ಬರ್ಲಕತ್ತದ್ರಿ!" ಅಂತ ಹಮಾಲರು ಕೂಗಿದರು. ನಾನು ಓಡಿ ಬರೋದರೊಳಗೆ ಹೊಗೆ ಹೋಗಿ ಉರಿ ಬಂದಿತ್ತು. ಮೆಷಿನ್ ಪಕ್ಕದ ಕಂಬದಲ್ಲಿದ್ದ ಸಿಲಿಂಡರ್ ಇಳಿಸಿ, ಪಿನ್ ಕಿತ್ತು, ಹಿಡಿ ಒತ್ತಿದೆ. ಫುಸ್ ಅಂತ ಗ್ಯಾಸ್ ಬಂತು, ಹಿಂದೆಯೇ ಒಂದು ಹಿಡಿಯಷ್ಟು ಪುಡಿ. ಅಷ್ಟೇ. ಸಿಲಿಂಡರಿನ ಮೀಟರಿನ ಮುಳ್ಳು ಮಾತ್ರ ಒತ್ತುವ ಮೊದಲು ಹಸಿರಿನಲ್ಲೇ ಇತ್ತು!

ಬಾಗಿಲ ಬಳಿಯ ಎರಡನೆಯದು ಕೆಲಸ ಮಾಡಿತು. ಸ್ವಲ್ಪ ದೂರ ನಿಂತು, ಉರಿಯ ಬುಡಕ್ಕೆ ಗುರಿಯಿಟ್ಟು, ಅತ್ತಿಂದಿತ್ತ ಆಡಿಸಿದೆ. ಹದಿನೈದು ಸೆಕೆಂಡ್ ಇರಬಹುದು, ಪುಡಿ ಖಾಲಿ, ಉರಿಯೂ ಇಲ್ಲ. ಆದರೆ ಹತ್ತು ನಿಮಿಷಕ್ಕೆ ಮತ್ತೆ ಹೊಗೆ. ಪುಡಿ ಮೇಲಿನ ಉರಿಯನ್ನು ಆರಿಸುತ್ತೆ, ರಾಶಿಯ ಹೊಟ್ಟೆಯೊಳಗಿನ ಕೆಂಡಕ್ಕೆ ನೀರೇ ಬೇಕು. ಕರೆಂಟ್ ತೆಗೆದು, ಸಲಿಕೆಯಿಂದ ಹರಡಿ, ಬಕೆಟ್‌ಗಟ್ಟಲೆ ಸುರಿದೆವು. ಇದನ್ನು ಮಾರುವಾಗ ಯಾರೂ ಹೇಳಿರಲಿಲ್ಲ.

ಮೊದಲನೆಯದು ಯಾಕೆ ಕೈಕೊಟ್ಟಿತು? ಬಿಚ್ಚಿಸಿ ನೋಡಿದರೆ ಒಳಗೆ ಪುಡಿ ಗಟ್ಟಿ ಹೆಂಟೆ. ವರ್ಷವಿಡೀ ಮೆಷಿನ್ ಪಕ್ಕದಲ್ಲಿ ಅದುರಿ ಅದುರಿ ತಳಕ್ಕೆ ಕೂತಿತ್ತು. ಮುಳ್ಳು ತೋರಿಸೋದು ಒಳಗಿನ ಒತ್ತಡವನ್ನು ಮಾತ್ರ, ಪುಡಿಯ ಸ್ಥಿತಿಯನ್ನಲ್ಲ. ಸರ್ವಿಸ್ ಹುಡುಗನನ್ನು ಕೇಳಿದರೆ, "ಮುಳ್ಳು ಹಸಿರಿನಾಗೇ ಅದಲ್ರಿ ಸರ" ಅಂದ. ಅವನ ಸರ್ವಿಸ್ ನಾನು ಕಣ್ಣಾರೆ ಕಂಡಿದ್ದೇನೆ: ಬಟ್ಟೆಯಿಂದ ಧೂಳು ಒರೆಸು, ಹೊಸ ಸ್ಟಿಕ್ಕರ್ ಅಂಟಿಸು, ಸಹಿ ಮಾಡು. ಐದಕ್ಕೂ ಸೇರಿ ಹತ್ತು ನಿಮಿಷ, ಅದರಲ್ಲಿ ಚಹಾನೂ ಸೇರಿತ್ತು.

ಅನುಮಾನ ಬಂದು ಸಿಒಟು ಕಡೆ ತಿರುಗಿದೆ. ಅದಕ್ಕೆ ಮುಳ್ಳೇ ಇರೋದಿಲ್ಲ, ತೂಕ ಹಾಕಿಯೇ ತಿಳಿಯಬೇಕು. ಸರ್ವಿಸ್ ಹುಡುಗ ಒಮ್ಮೆಯೂ ಕಾಟಾ ತಂದವನಲ್ಲ. ನಮ್ಮಲ್ಲಿ ಕಾಟಾಕ್ಕೇನು ಬರ, ಬೇಳೆ ತೂಗುವುದರ ಮೇಲೆಯೇ ಇಟ್ಟೆವು. ಸಿಲಿಂಡರ್ ಮೇಲೆ ಕೊರೆದಿದ್ದ ಖಾಲಿ ತೂಕ ಕಳೆದರೆ ಗ್ಯಾಸ್ 600 ಗ್ರಾಂ ಕಡಿಮೆ. ನೂರಕ್ಕೆ ಹತ್ತರಷ್ಟು ಇಳಿದರೆ ತುಂಬಿಸಬೇಕು ಅನ್ನೋದು ನಿಯಮ. 450 ಗ್ರಾಂ ಇಳಿದಾಗಲೇ ತುಂಬಿಸಬೇಕಿತ್ತು, ಅಲ್ವಾ? ಪ್ಯಾನೆಲ್ ರೂಮಿಗೆ ಪೌಡರ್ ಒಯ್ಯೋ ಹಾಗೂ ಇಲ್ಲ. ಬೆಂಕಿ ಆರುತ್ತೆ, ಆದರೆ ಪುಡಿ ಮೋಟಾರಿನ ಸ್ಟಾರ್ಟರ್ ಒಳಗೆಲ್ಲ ಹೊಕ್ಕು, ತೇವ ಸೇರಿದರೆ ಲೋಹ ತಿನ್ನುತ್ತೆ.

ಎಎಂಸಿ ಬೇರೆಯವರಿಗೆ ಕೊಟ್ಟೆ. ದರ ಜಾಸ್ತಿ, ಆದರೆ ಕಾಟಾ ತರುತ್ತಾರೆ, ಪೌಡರ್ ಸಿಲಿಂಡರ್ ತಲೆಕೆಳಗೆ ಮಾಡಿ ಅಲುಗಾಡಿಸುತ್ತಾರೆ. ನಾವೂ ತಿಂಗಳಿಗೊಮ್ಮೆ ಹಾಗೇ ಮಾಡುತ್ತೇವೆ. ಕಂಬದ್ದನ್ನು ಅದುರದ ಗೋಡೆಗೆ, ಗೇಟಿನ ಬಿಸಿಲಿನಲ್ಲಿದ್ದದ್ದನ್ನು ನೆರಳಿಗೆ ತಂದೆ. ನಮ್ಮ ಮೇ ತಿಂಗಳಲ್ಲಿ ಆ ಕೆಂಪು ಡಬ್ಬಿ ಮುಟ್ಟಿದರೆ ಕೈ ಸುಡುತ್ತಿತ್ತು.

ಸಿಲಿಂಡರಿನ ಬಗ್ಗೆ ಬೇರೆ ದೂರಿಲ್ಲ. ತುಕ್ಕಿಲ್ಲ, ವಾಲ್ವ್ ಸೋರಿಲ್ಲ, ಪಿನ್ ಸಲೀಸಾಗಿ ಬರುತ್ತೆ. ಗೋದಾಮಿಗೆ ಅದೇ ಕಂಪನಿಯದ್ದು ಇನ್ನೆರಡು ತರಿಸಿದ್ದೇನೆ. ಅವುಗಳ ಮುಂದೆ ಚೀಲ ಪೇರಿಸಬೇಡಿ ಅಂತ ಹಮಾಲರಿಗೆ ಇವತ್ತು ಬೆಳಿಗ್ಗೆಯೂ ಹೇಳಿ ಬಂದೆ.