ಫ್ಲ್ಯಾಶ್ ಕಾರ್ಡ್ ಸೆಟ್: ಒಂದೂವರೆ ವರ್ಷ ಬಳಸಿದ ಮೇಲೆ

ಮಗಳಿಗೆ ಎರಡು ತಿಂಗಳಾಗಿದ್ದಾಗ, ಮಗುವಿಗೆ ತೋರಿಸಿ ಹೆಸರು ಹೇಳುವ ಚಿತ್ರದ ಕಾರ್ಡ್‌ಗಳ ಈ ಸೆಟ್ ತರಿಸಿದ್ದೆವು. ಈಗ ಅವಳಿಗೆ ಒಂದು ವರ್ಷ ಒಂಬತ್ತು ತಿಂಗಳು. ಮೊದಲ ವಾರವೇ ಬರೆದಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ ಅನ್ನುತ್ತಿದ್ದೆ. ಎಂಟನೇ ತಿಂಗಳಲ್ಲಿ ಬರೆದಿದ್ದರೆ ಯಾರೂ ತಗೋಬೇಡಿ ಅನ್ನುತ್ತಿದ್ದೆ. ಕಾರ್ಡಿನಲ್ಲೂ ದೋಷ ಇತ್ತು, ನಾವು ಅದನ್ನು ಬಳಸಿದ ರೀತಿಯಲ್ಲಿ ಇನ್ನೂ ದೊಡ್ಡ ದೋಷ ಇತ್ತು.

ಒಟ್ಟು 60 ಕಾರ್ಡ್. 16 ಕಪ್ಪು ಬಿಳುಪು, ಉಳಿದದ್ದು ಬಣ್ಣದ ಚಿತ್ರಗಳು, ಕೊನೆಯಲ್ಲಿ ಅಕ್ಷರ ಮತ್ತು ಅಂಕಿ.

ಕಪ್ಪು ಬಿಳುಪಿನವು ನಿಜವಾಗಿಯೂ ಉಪಯೋಗಕ್ಕೆ ಬಂದವು. ಹುಟ್ಟಿದ ಹೊಸದರಲ್ಲಿ ಮಗುವಿಗೆ ಸುಮಾರು 20ರಿಂದ 30 ಸೆಂಟಿಮೀಟರ್ ದೂರದಲ್ಲಿ ಇರುವುದು ಮಾತ್ರ ಸ್ವಲ್ಪ ಸ್ಪಷ್ಟವಾಗಿ ಕಾಣುತ್ತದೆ, ಅಂದರೆ ಎತ್ತಿಕೊಂಡವರ ಮುಖ ಎಷ್ಟು ದೂರ ಇರುತ್ತದೋ ಅಷ್ಟು. ತಿಳಿ ಬಣ್ಣ ಕಣ್ಣಿಗೆ ಹಿಡಿಯುವುದಿಲ್ಲ. ದಪ್ಪ ಗೆರೆ, ಚೌಕಳಿ, ದೊಡ್ಡ ವೃತ್ತ ಹಿಡಿಯುತ್ತವೆ. ಹಸುಗೂಸುಗಳು ಖಾಲಿ ಹಾಳೆಗಿಂತ ಗೆರೆ, ಆಕಾರ ಇರುವುದನ್ನೇ ಜಾಸ್ತಿ ಹೊತ್ತು ನೋಡುತ್ತವೆ ಎಂದು ರಾಬರ್ಟ್ ಫ್ಯಾಂಟ್ಸ್ ಎಂಬ ಮನಃಶಾಸ್ತ್ರಜ್ಞ 1960ರ ದಶಕದಲ್ಲೇ ತೋರಿಸಿದ್ದರು. ನಮ್ಮವಳು ಚೌಕಳಿ ಕಾರ್ಡ್ ಕಂಡರೆ ಕೈಕಾಲು ಆಡಿಸುವುದನ್ನೇ ನಿಲ್ಲಿಸಿ ನೋಡುತ್ತಿದ್ದಳು. ಆದರೆ ನಾಲ್ಕೈದು ತಿಂಗಳಿಗೆ ಬಣ್ಣಗಳು ಚೆನ್ನಾಗಿ ಕಾಣತೊಡಗುತ್ತವೆ, ಆಮೇಲೆ ಈ 16 ಕಾರ್ಡಿಗೆ ಹೆಚ್ಚು ಕೆಲಸ ಇಲ್ಲ. ನಿಮ್ಮ ಮಗು ಆ ವಯಸ್ಸು ದಾಟಿದ್ದರೆ ಇವುಗಳಿಗಾಗಿ ದುಡ್ಡು ಹಾಕಬೇಡಿ.

ನಮಗೆ ತೊಂದರೆ ಶುರುವಾದದ್ದು ಬಣ್ಣದ ಕಾರ್ಡಿನಿಂದ. ಜೊತೆಗೆ ಬಂದ ಚೀಟಿಯಲ್ಲಿ, ಒಂದೊಂದು ಕಾರ್ಡನ್ನು ಒಂದು ಸೆಕೆಂಡಿಗಿಂತ ಕಡಿಮೆ ತೋರಿಸಿ, ಹೆಸರು ಹೇಳಿ, ತಕ್ಷಣ ಮುಂದಿನದಕ್ಕೆ ಹೋಗಿ, ದಿನಕ್ಕೆ ಮೂರು ಸಲ ಮಾಡಿ ಎಂದಿತ್ತು. ಹೀಗೆ ಸರಸರ ತೋರಿಸುವ ಪದ್ಧತಿ ಹಳೆಯದು, ಅಮೆರಿಕದ ಗ್ಲೆನ್ ಡೋಮನ್ 1960ರ ದಶಕದಿಂದ ಪ್ರಚಾರ ಮಾಡಿದ್ದು. ನಾನು ಏಳನೇ ತಿಂಗಳಿನಿಂದ ಎರಡು ತಿಂಗಳು ಒಂದು ದಿನವೂ ಬಿಡದೆ ಮಾಡಿದೆ. ಬೆಕ್ಕು, ಚೆಂಡು, ಮರ, ಬಸ್ಸು ಅಂತ ನಾನು ಹೇಳುತ್ತಾ ಹೋದ ಹಾಗೆ ಅವಳು ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದಳು, ಕಾರ್ಡಿಗೆ ಕೈ ಚಾಚುತ್ತಿದ್ದಳು, ನಾನು ಕೊಡದಿದ್ದಾಗ ಅಳುತ್ತಿದ್ದಳು. ಅವಳಿಗೆ ಗಮನ ಇಲ್ಲ ಅಂದುಕೊಂಡೆ. ಈಗ ಅದನ್ನು ನೆನೆಸಿಕೊಂಡರೆ ಬೇಜಾರಾಗುತ್ತದೆ. ಮಗು ಮುಖ ತಿರುಗಿಸಿತು ಅಂದರೆ ಸಾಕು ಅಂತ ಹೇಳುತ್ತಿದೆ, ಅಷ್ಟೇ.

ಒಂಬತ್ತನೇ ತಿಂಗಳಲ್ಲಿ ಒಂದು ದಿನ ಚೆಂಡಿನ ಕಾರ್ಡ್ ಅವಳ ಕೈಗೆ ಸಿಕ್ಕಿತು. ಉಗುರಿನಿಂದ ಕೆರೆದು ಕೆರೆದು ಚೆಂಡನ್ನು ಮೇಲೆತ್ತಲು ನೋಡಿದಳು. ಬರದಿದ್ದಾಗ ಮತ್ತೆ ಪ್ರಯತ್ನ ಮಾಡಿದಳು. ಆಮೇಲೆ ಓದಿದಾಗ ಗೊತ್ತಾಯಿತು, ಮನಃಶಾಸ್ತ್ರಜ್ಞೆ ಜೂಡಿ ಡಿಲೋಚ್ ಮತ್ತು ಅವರ ಜೊತೆಯವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂಬತ್ತು ತಿಂಗಳ ಮಕ್ಕಳು ಇದನ್ನೇ ಮಾಡಿದ್ದವು. ಹತ್ತೊಂಬತ್ತು ತಿಂಗಳಿನ ಹೊತ್ತಿಗೆ ಮಕ್ಕಳು ಕೆರೆಯುವುದು ಬಿಟ್ಟು ಬೆರಳು ಮಾಡಿ ತೋರಿಸುತ್ತವೆ. ಚಿತ್ರ ಅಂದರೇನು, ಅದು ಯಾಕೆ ಕೈಗೆ ಬರುವುದಿಲ್ಲ ಅನ್ನುವುದನ್ನೇ ನನ್ನ ಮಗಳು ಆಗ ಕಲಿಯುತ್ತಿದ್ದಳು. ನಾನು ಒಂದು ಸೆಕೆಂಡಿಗೆ ಕಾರ್ಡ್ ಕಿತ್ತುಕೊಂಡು ಆ ಕಲಿಕೆಗೇ ಅಡ್ಡ ಬರುತ್ತಿದ್ದೆ, ಅಲ್ವಾ?

ಇನ್ನೊಂದು ವಿಷಯ ಓದಿದ ಮೇಲಂತೂ ಚೀಟಿಯನ್ನೇ ಎಸೆದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸೂಸನ್ ನ್ಯೂಮನ್ ಅವರ ತಂಡದ ಅಧ್ಯಯನ 2014ರಲ್ಲಿ ಬಂತು. ಒಂಬತ್ತರಿಂದ ಹದಿನೆಂಟು ತಿಂಗಳ 117 ಮಕ್ಕಳಲ್ಲಿ ಕೆಲವರ ಮನೆಗೆ ಡಿವಿಡಿ, ಪದಗಳ ಕಾರ್ಡ್ ಎಲ್ಲ ಇರುವ, ಓದು ಕಲಿಸುವ ಸೆಟ್ ಕೊಟ್ಟು ಏಳು ತಿಂಗಳು ಬಳಸಲು ಹೇಳಿದರು. ಆಮೇಲೆ 14 ಅಂಶಗಳನ್ನು ಅಳೆದರು. 13ರಲ್ಲಿ ಸೆಟ್ ಬಳಸಿದ ಮಕ್ಕಳಿಗೂ ಬಳಸದವರಿಗೂ ವ್ಯತ್ಯಾಸವೇ ಇರಲಿಲ್ಲ. ವ್ಯತ್ಯಾಸ ಕಂಡ ಆ ಒಂದು, ತಮ್ಮ ಮಗು ಕಲಿಯುತ್ತಿದೆ ಅನ್ನುವ ಅಪ್ಪ ಅಮ್ಮಂದಿರ ನಂಬಿಕೆ.

ಹಾಗಾದರೆ ಎಲ್ಲ ದಂಡವಾ? ಇಲ್ಲ. ದಾರಿ ತೋರಿಸಿದ್ದು ನಮ್ಮ ಅತ್ತೆ. ಕಟ್ಟು ಬಿಚ್ಚಿ ಎರಡೇ ಕಾರ್ಡ್ ನೆಲದ ಮೇಲಿಟ್ಟರು, ಚಮಚದ್ದು ಮತ್ತು ಚಪ್ಪಲಿದ್ದು. ಅಡುಗೆಮನೆಯಿಂದ ಚಮಚ ತಂದು ಚಿತ್ರದ ಪಕ್ಕ ಇಟ್ಟು, "ನೋಡು ಪುಟ್ಟಿ, ಇದೂ ಚಮಚ, ಅದೂ ಚಮಚ" ಅಂದರು. ನೆಲಕ್ಕೆ ಬಡಿದು ಸದ್ದು ಮಾಡಿದರು, ಅವಳ ಕೈಗೂ ಕೊಟ್ಟರು. ಮಗಳು ಚಿತ್ರ ನೋಡಿದಳು, ಚಮಚ ನೋಡಿದಳು, ಅಜ್ಜಿಯ ಮುಖ ನೋಡಿದಳು. ಎಷ್ಟೋ ಹೊತ್ತು ಆ ಎರಡೇ ಕಾರ್ಡಿನಲ್ಲಿ ಕಳೆಯಿತು. ಅವತ್ತಿನಿಂದ ನಮ್ಮದೂ ಅದೇ ರೀತಿ. ಒಂದು ಸಲಕ್ಕೆ ಮೂರು ನಾಲ್ಕು ಕಾರ್ಡ್, ಆರಿಸುವುದು ಅವಳು, ನಿಲ್ಲಿಸುವುದೂ ಅವಳು. ಬಟ್ಟೆಯ ಕೆಳಗೆ ಬಚ್ಚಿಟ್ಟು ಹುಡುಕುತ್ತೇವೆ, ಪ್ರಾಣಿಗಳ ಕೂಗು ಮಾಡುತ್ತೇವೆ. ಹದಿನಾಲ್ಕನೇ ತಿಂಗಳಲ್ಲಿ ನಾಲ್ಕು ಕಾಲಿನದ್ದೆಲ್ಲ ಅವಳಿಗೆ "ಬೌ ಬೌ" ಆಗಿತ್ತು, ಹಸುವೂ ಸೇರಿ. ಆ ವಯಸ್ಸಿನಲ್ಲಿ ಇದು ಸಹಜ. ತಪ್ಪು ಅನ್ನಬೇಡಿ. "ಹೌದು, ಇದಕ್ಕೂ ನಾಲ್ಕು ಕಾಲು, ಇದು ಹಸು, ಅಂಬಾ ಅನ್ನುತ್ತೆ" ಅಂದರೆ ಮಾತು ಮುಂದುವರಿಯುತ್ತದೆ.

ಇನ್ನು ಸೆಟ್ಟಿನ ಗುಣಮಟ್ಟ. ಮೂಲೆಗಳು ದುಂಡಗಿವೆ, ಗೀರುವುದಿಲ್ಲ, ಅದು ಒಳ್ಳೆಯದು. ಆದರೆ ಕಾರ್ಡ್‌ಗಳನ್ನು ಪೋಣಿಸಿದ್ದ ಲೋಹದ ರಿಂಗ್ ಸುಮ್ನೆ ಎಳೆದರೆ ಬಿಚ್ಚಿಕೊಳ್ಳುತ್ತಿತ್ತು. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಇಂಥ ಸಣ್ಣ ಸಾಮಾನು ಸಿಗಲೇಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ಇದೆ. ಮೊದಲ ದಿನವೇ ತೆಗೆದುಹಾಕಿ. ಮೇಲಿನ ಪ್ಲಾಸ್ಟಿಕ್ ಪದರ ಮಗು ಜಗಿದ ಕಡೆ ಎದ್ದು ಬಂತು, ಒಳಗಿನ ಕಾಗದ ನೆನೆದು ತುಂಡಾಗಿ ಅವಳ ಬಾಯಿಗೇ ಹೋಯಿತು. ಬೆರಳು ಹಾಕಿ ತೆಗೆದೆ, ಕೈ ನಡುಗುತ್ತಿತ್ತು. ಮಾರಿದವರಿಗೆ ಬರೆದರೆ ಮಗು ಬಾಯಿಗೆ ಹಾಕದಂತೆ ನೋಡಿಕೊಳ್ಳಿ ಎಂಬ ಉತ್ತರ ಬಂತು. ಎಂಟು ತಿಂಗಳ ಮಗು ಎಲ್ಲವನ್ನೂ ಬಾಯಿಗೆ ಹಾಕಿಯೇ ತಿಳಿದುಕೊಳ್ಳುತ್ತದೆ. ಅಂಥ ಮಕ್ಕಳಿಗಾಗಿ ಮಾಡಿದ ಸಾಮಾನು ಅದಕ್ಕೆ ತಡೆಯಬೇಕು.

ಚಿತ್ರಗಳ ಬಗ್ಗೆಯೂ ನನ್ನ ತಕರಾರು ಇದೆ. ಹಸುವಿಗೆ ನೀಲಿ ಬಣ್ಣ. ಇಲಿಯೂ ಆನೆಯೂ ಒಂದೇ ಗಾತ್ರ. ಫೋಟೋ ಇರುವ ಸೆಟ್ ಸಿಕ್ಕರೆ ಅದನ್ನೇ ತಗೊಳ್ಳಿ. ಅಕ್ಷರ ಮತ್ತು ಅಂಕಿಯ ಕಾರ್ಡ್‌ಗಳನ್ನು ಕಪಾಟಿನಲ್ಲಿ ಎತ್ತಿಟ್ಟಿದ್ದೇನೆ. ಇದೇ ಕಾರ್ಡ್‌ಗಳು ಫೋನಿನಲ್ಲೂ ಸಿಗುತ್ತವೆ ಎಂದು ಪೆಟ್ಟಿಗೆ ಮೇಲಿತ್ತು, ಆ ತಂಟೆಗೆ ಹೋಗಲಿಲ್ಲ. ಒಂದು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಶಾಲೆಗೆ ಹೋಗುವ ಮಕ್ಕಳ ಮಾತು ಬೇರೆ. ಅಕ್ಕನ ಮಗ ಮಗ್ಗಿಯನ್ನು ಕಾರ್ಡಿನಲ್ಲೇ ಕಲಿತ. ಪ್ರಶ್ನೆ ನೋಡಿ, ಉತ್ತರ ನೆನಪಿಸಿಕೊಂಡು, ಆಮೇಲೆ ತಿರುಗಿಸಿ ನೋಡುತ್ತಾನೆ. ತಪ್ಪಿದ್ದನ್ನು ಬೇಗ, ಸರಿ ಬಂದದ್ದನ್ನು ಕೆಲವು ದಿನ ಬಿಟ್ಟು ಮತ್ತೆ ನೋಡುತ್ತಾನೆ. ನೆನಪಿಸಿಕೊಳ್ಳುವ ಆ ಶ್ರಮವನ್ನು ಅವನೇ ಪಡುವುದರಿಂದ ಅದು ತಲೆಯಲ್ಲಿ ನಿಲ್ಲುತ್ತದೆ.

ನಾವು ಎರಡನೇ ಸೆಟ್ ತರಿಸಲಿಲ್ಲ. ಮನೆಯ ಸಾಮಾನುಗಳ ಫೋಟೋ ತೆಗೆದು ದಪ್ಪ ರಟ್ಟಿಗೆ ಅಂಟಿಸಿ 12 ಕಾರ್ಡ್ ಮಾಡಿಕೊಂಡಿದ್ದೇವೆ. ಅವಳು ದಿನಾ ಮೊದಲು ಎತ್ತಿಕೊಳ್ಳುವುದು ಅಜ್ಜಿಯ ಕನ್ನಡಕದ ಕಾರ್ಡನ್ನು. ಎತ್ತಿಕೊಂಡು ನೇರ ಅಜ್ಜಿಯ ಹತ್ತಿರ ಓಡುತ್ತಾಳೆ.