ಚಿಕ್ಕಮಗಳೂರಿನ ಗ್ರೂಮಿಂಗ್ ಅಂಗಡಿಯಲ್ಲಿ ಐರ್ಲೆಂಡಿನ ಗೋಧಿಬಣ್ಣದ ಟೆರಿಯರ್

ಚಿಕ್ಕಮಗಳೂರಿನ ಐ.ಜಿ. ರಸ್ತೆಗೆ ಸೇರುವ ಅಡ್ಡರಸ್ತೆಯೊಂದರಲ್ಲಿರುವ ನಾಯಿಗಳ ಗ್ರೂಮಿಂಗ್ ಅಂಗಡಿಗೆ ನಮ್ಮ ಮನೆಯ ವೀಟನ್ (ಎಂದರೆ ಗೋಧಿಬಣ್ಣದ) ಟೆರಿಯರ್‌ಅನ್ನು ಕೆಲವು ತಿಂಗಳಿಂದ ಕರೆದೊಯ್ಯುತ್ತಿದ್ದೇವೆ. ಅಲ್ಲಿನ ಕೆಲಸ ನನಗೆ ಯಾಕೆ ಹಿಡಿಸಿತು ಎಂಬುದನ್ನು ಈ ತಳಿಯ ಹೆಸರಿನ ಗೊಂದಲವನ್ನು ಬಿಟ್ಟು ಹೇಳಲಾಗದು.

ಡಬ್ಲಿನ್‌ನಲ್ಲಿದ್ದ ಅಕ್ಕನ ಮಗ ಊರಿಗೆ ಮರಳುವಾಗ ಜೊತೆಗೆ ತಂದ ಈ ನಾಯಿಯ ಐರ್ಲೆಂಡಿನ ದಾಖಲೆಯಲ್ಲಿ ‘ಐರಿಷ್ ಸಾಫ್ಟ್ ಕೋಟೆಡ್ ವೀಟನ್ ಟೆರಿಯರ್’ ಎಂದಿದೆ. ಇಲ್ಲಿ ಮಾಡಿಸಿದ ಲಸಿಕೆ ಪುಸ್ತಕದಲ್ಲಿ ಬರೀ ‘ಐರಿಷ್ ಟೆರಿಯರ್’. ಇವೆರಡೂ ಬೇರೆ ಬೇರೆ ತಳಿಗಳು. ಐರಿಷ್ ಟೆರಿಯರ್‌ನ ಕೂದಲು ಸಾಮಾನ್ಯವಾಗಿ ಕೆಂಪು, ತಂತಿಯಷ್ಟು ಗಡುಸು. ಅದನ್ನು ಸಾಕುವವರ ಸಂಘ ಡಬ್ಲಿನ್‌ನಲ್ಲಿ 1879ರಲ್ಲೇ ಹುಟ್ಟಿತ್ತು. ವೀಟನ್‌ನದು ರೇಷ್ಮೆಯಂಥ ಮೃದು ಕೂದಲು. ಐರ್ಲೆಂಡಿನ ಸಣ್ಣ ರೈತರ ಮನೆಗಳಲ್ಲಿ ಇಲಿ ಹಿಡಿಯುತ್ತ, ದನ ಹೊಡೆಯುತ್ತ, ಅಂಗಳ ಕಾಯುತ್ತ ತಲೆಮಾರುಗಳಿಂದ ಬದುಕಿದ್ದರೂ ಪ್ರದರ್ಶನದ ಕಣಕ್ಕೆ ಅದು ಬಂದದ್ದು ಬಹಳ ತಡವಾಗಿ. ಐರಿಷ್ ಟೆರಿಯರ್, ಕೆರ್ರಿ ಬ್ಲೂ ಟೆರಿಯರ್ ಮತ್ತು ವೀಟನ್ ಈ ಮೂರೂ ಒಂದೇ ಹಳೆಯ ಹಳ್ಳಿ ಟೆರಿಯರ್‌ಗಳಿಂದ ಕವಲೊಡೆದವು ಎಂಬುದು ತಳಿಪ್ರಿಯರಲ್ಲಿ ಬೇರೂರಿರುವ ಅಭಿಪ್ರಾಯ.

ಐರ್ಲೆಂಡಿನಲ್ಲಿ ನಾಯಿ ತಳಿಗಳನ್ನು ನೋಂದಾಯಿಸುವ ಐರಿಷ್ ಕೆನಲ್ ಕ್ಲಬ್ 1937ರ ಮಾರ್ಚ್ 17ರಂದು, ಸಂತ ಪ್ಯಾಟ್ರಿಕ್ ದಿನದಂದೇ, ಈ ತಳಿಗೆ ಮನ್ನಣೆ ನೀಡಿತು. ‘ಐರಿಷ್ ವೀಟನ್ ಟೆರಿಯರ್’ ಎಂದು ಕರೆಯುವ ಯೋಚನೆಗೆ ಐರಿಷ್ ಟೆರಿಯರ್ ಸಾಕುವವರಿಂದ ವಿರೋಧ ಬಂತು. ಅವರ ನಾಯಿಗಳಲ್ಲೂ ಗೋಧಿಬಣ್ಣದವು ಇದ್ದುದರಿಂದ ಆ ಆಕ್ಷೇಪ ಅನ್ಯಾಯದ್ದೆಂದು ನನಗನ್ನಿಸುವುದಿಲ್ಲ. ಹೀಗೆ ಕೂದಲಿನ ಗುಣವೇ ‘ಸಾಫ್ಟ್ ಕೋಟೆಡ್’ (ಮೃದು ಕೂದಲಿನ) ಎಂದು ಹೆಸರಿನೊಳಗೆ ಬಂತು. ಬ್ರಿಟನ್‌ನ ಕೆನಲ್ ಕ್ಲಬ್ 1943ರಲ್ಲಿ, ಅಮೆರಿಕದ್ದು 1973ರಲ್ಲಿ ಮನ್ನಣೆ ಕೊಟ್ಟಾಗ ಮುಂದಿನ ‘ಐರಿಷ್’ ಇಲ್ಲದ ಹೆಸರನ್ನೇ ಇಟ್ಟುಕೊಂಡವು. ಎಫ್‌ಸಿಐ ಎಂಬ ಅಂತರರಾಷ್ಟ್ರೀಯ ಶ್ವಾನ ಒಕ್ಕೂಟದ ಪಟ್ಟಿಯಲ್ಲಿ ಮಾತ್ರ 40ನೆಯ ತಳಿ ಮಾನದಂಡವಾಗಿ ‘ಐರಿಷ್’ ಸಹಿತವಾದ ಉದ್ದನೆಯ ಹೆಸರೇ ಇದೆ.

ಗ್ರೂಮಿಂಗ್ ಮೇಜಿನ ಮೇಲೆ ಇದೆಲ್ಲಕ್ಕೂ ಬೆಲೆಯಿದೆ. ಐರಿಷ್ ಟೆರಿಯರ್‌ನ ಹಳೆಗೂದಲನ್ನು ಕೈಯಿಂದ ಕಿತ್ತು ತೆಗೆಯುವುದು ವಾಡಿಕೆ. ಒಂದೇ ಪದರದ ಮೃದು ಕೂದಲಿನ ವೀಟನ್‌ಗೆ ಬೇಕಾದದ್ದು ಬಾಚಣಿಗೆ ಮತ್ತು ಕತ್ತರಿ. ಈ ಅಂಗಡಿಯ ಹುಡುಗ ಲಸಿಕೆ ಪುಸ್ತಕವನ್ನು ನೋಡಿದವನೇ ನಾಯಿಯ ಬೆನ್ನಿನ ಕೂದಲನ್ನು ಬೆರಳುಗಳ ನಡುವೆ ಹಿಡಿದು, “ಇದು ಅದಲ್ಲ, ಬೇರೆ ಕಾಗದ ಇದೆಯೇ?” ಎಂದು ಕೇಳಿದ. ಐರ್ಲೆಂಡಿನ ದಾಖಲೆ ಓದಿದ ಮೇಲೆಯೇ ಉಪಕರಣ ಎತ್ತಿಕೊಂಡ. ತೋಟದಲ್ಲಿ ಓಡಾಡಿ ಬಂದ ನಾಯಿಯ ಕಂಕುಳಲ್ಲಿ ಅಂಟುಪುರಳೆಯೂ ಉತ್ತರಾಣಿಯೂ ಸೇರಿ ಗಂಟುಗಟ್ಟಿದ್ದವು. ಅವನ್ನು ಕತ್ತರಿಸಿ ಎಸೆಯದೆ, ಚರ್ಮವನ್ನು ಒಂದು ಕೈಯಿಂದ ಒತ್ತಿಹಿಡಿದು, ಗಂಟಿನ ತುದಿಯಿಂದ ಬುಡದತ್ತ ಬಿಡಿಸುತ್ತ ಹೋದ. ಸ್ಟೀಲ್ ಬಾಚಣಿಗೆ ಎಲ್ಲೂ ತಡೆಯದೆ ಚರ್ಮದವರೆಗೆ ಇಳಿಯುವ ತನಕ ಸ್ನಾನ ಮಾಡಿಸಲಿಲ್ಲ. ಗಂಟಿನ ಮೇಲೆ ನೀರು ಬಿದ್ದರೆ ಅದು ಇನ್ನಷ್ಟು ಬಿಗಿಯುತ್ತದೆಂದು ತಿಳಿದವರ ಕ್ರಮ ಇದು. ಕಿವಿಯ ಮಡಿಕೆಯಲ್ಲೂ ಬೆರಳುಗಳ ಸಂದಿನಲ್ಲೂ ಉಣುಗು ಹುಡುಕಿದ್ದು ಮಲೆನಾಡಿನಲ್ಲಿ ತೀರಾ ಅಗತ್ಯವಾದ ಕೆಲಸ.

ಕೊರತೆಗಳೂ ಇವೆ. ಭಾನುವಾರ ಫೋನಿನಲ್ಲಿ ಕೊಟ್ಟ ಸಮಯಕ್ಕೆ ಬೆಲೆಯಿಲ್ಲ. ಬೆಳಗ್ಗೆ ಹೇಳಿದವರು ಮಧ್ಯಾಹ್ನದವರೆಗೂ ಕಾಯಬೇಕಾಗುತ್ತದೆ. ದರಪಟ್ಟಿ ನಾಯಿಯ ಗಾತ್ರಕ್ಕೆ ತಕ್ಕಂತಿದೆಯೇ ಹೊರತು ಕೂದಲಿಗೆ ತಕ್ಕಂತಿಲ್ಲ. ಇದರಿಂದ ನಮಗೆ ಲಾಭವಾದರೂ ಕೆಲಸ ಮಾಡುವವನಿಗೆ ನ್ಯಾಯವಲ್ಲ. ಬಿಲ್ಲಿನ ಕಂಪ್ಯೂಟರಿನಲ್ಲಿ ವೀಟನ್ ಎಂಬ ಆಯ್ಕೆಯೇ ಇಲ್ಲದ ಕಾರಣ ರಸೀದಿಯಲ್ಲಿ ಈಗಲೂ ‘ಐರಿಷ್ ಟೆರಿಯರ್’ ಎಂದೇ ಬರುತ್ತದೆ. ಆ ಹುಡುಗ ರಜೆಯಲ್ಲಿದ್ದಾಗ ಬರುವ ಬದಲಿ ಕೆಲಸಗಾರನಿಗೆ ಕಾಣುವುದು ಆ ರಸೀದಿ ಮಾತ್ರ. ಆದ್ದರಿಂದ ತಳಿಯ ಪೂರ್ಣ ಹೆಸರನ್ನೂ ಕೂದಲಿನ ಬಗೆಯನ್ನೂ ಬರೆಯಲು ರಸೀದಿಯಲ್ಲೇ ಜಾಗ ಮಾಡಬೇಕೆಂದು ಮಾಲೀಕರನ್ನು ಕೇಳಿಕೊಂಡಿದ್ದೇನೆ. ಉದ್ದಗೂದಲಿನ ನಾಯಿ ಇರುವವರು ವಾರದ ಮಧ್ಯದ ದಿನ ಹೋಗಿ, ತಳಿಯ ಮೂಲ ದಾಖಲೆಯನ್ನೇ ತೋರಿಸಿ.