ಬ್ಯಾಡಗಿಯೋ, ಗುಂಟೂರೋ: ನಿಮ್ಮ ಹೊಲಕ್ಕೆ ಯಾವ ಮೆಣಸಿನಕಾಯಿ?

ಮೊದಲು ನೀರು ನೋಡಿ. ಹಾವೇರಿ, ಗದಗ ಕಡೆಯ ಎರೆಭೂಮಿಯಲ್ಲಿ ಮಳೆಯನ್ನೇ ನಂಬಿದ್ದರೆ ಬ್ಯಾಡಗಿಯೇ ಸರಿ. ಇಳುವರಿ ಕಡಿಮೆ, ಆದರೆ ಬಣ್ಣಕ್ಕೇ ಬೆಲೆ. ಬ್ಯಾಡಗಿಯಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ಬಗೆ. ಡಬ್ಬಿ ಕಾಯಿ ನೋಡಿ: ಸುಕ್ಕುಗಟ್ಟಿದ ಸಿಪ್ಪೆ, ಕಡುಗೆಂಪು. ಕಡ್ಡಿ ತೆಳ್ಳಗೆ, ಉದ್ದ.

ಕಾಲುವೆ ಅಥವಾ ಬೋರ್‌ವೆಲ್ ನೀರಿದ್ದು, ಗೊಬ್ಬರಕ್ಕೆ ಹಣವಿದ್ದರೆ ಗುಂಟೂರು ಹೆಚ್ಚು ಕ್ವಿಂಟಲ್ ಕೊಡುತ್ತದೆ. ಖಾರದ ಪುಡಿಗೆ ಅದೇ ಬೇಕು. ಕಾಯಿಯಿಂದ ಬಣ್ಣ ತೆಗೆಯುವವರಿಗೆ ಬ್ಯಾಡಗಿ.

ಮುಟುರು ರೋಗ ಎರಡನ್ನೂ ಬಿಡದು. ಎಲೆ ಮೇಲಕ್ಕೆ ಮುದುಡಿದರೆ ಥ್ರಿಪ್ಸ್ ಎಂಬ ಸಣ್ಣ ಕೀಟ, ಕೆಳಕ್ಕೆ ಮುದುಡಿದರೆ ಮೈಟ್ ನುಸಿ. ಗುರುತಿಸದೆ ಔಷಧಿ ಹೊಡೆದರೆ ದುಡ್ಡು ದಂಡ. ಕೊಯ್ಲಿನ ಹೊತ್ತಿಗೆ ಮಳೆ ಬೀಳುವ ಊರಾದರೆ ಒಣಗಿಸಲು ಟಾರ್ಪಾಲಿನ್ ಮೊದಲೇ ತಂದಿಡಿ; ತೇವ ಉಳಿದ ಬ್ಯಾಡಗಿ ಬಣ್ಣದ ಜೊತೆ ಬೆಲೆಯನ್ನೂ ಕಳೆದುಕೊಳ್ಳುತ್ತದೆ.